ನನ್ನದೇ ಮೇಲ್ ಸರ್ವರ್: ಇನ್‌ಸ್ಟಾಲ್ ಮಾಡುವುದಕ್ಕೂ ಮೊದಲಿನ ಕೆಲಸ

ಸ್ವಂತ ಮೇಲ್ ಸರ್ವರ್ ಬೇಕೆನ್ನುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಹಾಕಲಿ ಎಂದು. ನಾನಾದರೆ ಮೊದಲು ಐಪಿ ವಿಳಾಸ ನೋಡಿ ಎನ್ನುತ್ತೇನೆ. ಪ್ಯಾಕೇಜ್ ಹಾಕಲು ಹೆಚ್ಚು ಹೊತ್ತು ಬೇಡ. ನಾವು ಕಳಿಸಿದ ಪತ್ರವನ್ನು ಬೇರೆ ಸರ್ವರ್‌ಗಳು ನಂಬುವಂತೆ ಮಾಡುವುದೇ ನಿಜವಾದ ಕೆಲಸ.

ವಿಪಿಎಸ್ (ಬಾಡಿಗೆಗೆ ಸಿಗುವ ವರ್ಚುವಲ್ ಸರ್ವರ್) ತೆಗೆದುಕೊಳ್ಳುವ ಮೊದಲು ಎರಡು ವಿಷಯ ಖಚಿತಪಡಿಸಿಕೊಂಡೆ. ಸರ್ವರ್‌ಗಳು ಒಂದಕ್ಕೊಂದು ಪತ್ರ ದಾಟಿಸುವ 25ನೇ ಪೋರ್ಟ್ ಹೊರಹೋಗಲು ತೆರೆದಿದೆಯೇ? ರಿವರ್ಸ್ ಡಿಎನ್ಎಸ್ (ಐಪಿ ಯಾವ ಹೆಸರಿನದು ಎಂದು ಹೇಳುವ ದಾಖಲೆ) ನಾನೇ ಬದಲಿಸಬಹುದೇ? ಸ್ಪ್ಯಾಮ್ ತಡೆಯಲೆಂದು ಎಷ್ಟೋ ಕ್ಲೌಡ್ ಕಂಪನಿಗಳು ಆ ಪೋರ್ಟನ್ನು ಮುಚ್ಚಿಯೇ ಇಟ್ಟಿರುತ್ತವೆ. ಕೈಗೆ ಬಂದ ಐಪಿಯನ್ನು ಸ್ಪ್ಯಾಮ್ ಕಳಿಸುವ ಐಪಿಗಳ ಸ್ಪ್ಯಾಮ್‌ಹೌಸ್ ಪಟ್ಟಿಯಲ್ಲೂ ಹುಡುಕಿದೆ. ಅದನ್ನು ಹಿಂದೆ ಬಳಸಿದವರು ಕಸ ಕಳಿಸಿದ್ದರೆ ಆ ಕೆಟ್ಟ ಹೆಸರು ನಮ್ಮ ತಲೆಗೇ ಬರುತ್ತದೆ.

ಡೆಬಿಯನ್ ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್, ಡವ್‌ಕಾಟ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ಹಾಕಿದೆ. ಪೋಸ್ಟ್‌ಫಿಕ್ಸ್ ಮೇಲೆ ನನಗೆ ಬಹಳ ಗೌರವ. ವೀಟ್ಸೆ ವೆನೆಮಾ ಬರೆದು 1998ರಲ್ಲಿ ಹೊರಬಂದ ಇದರಲ್ಲಿ ಕೆಲಸವೆಲ್ಲ ಸಣ್ಣ ಸಣ್ಣ ಪ್ರೋಸೆಸ್‌ಗಳಿಗೆ ಹಂಚಿಹೋಗಿದೆ, ಒಂದೊಂದಕ್ಕೂ ಬೇಕಾದಷ್ಟೇ ಅಧಿಕಾರ. ಪತ್ರ ತರುವುದು, ಕಳಿಸುವುದು ಪೋಸ್ಟ್‌ಫಿಕ್ಸ್ ಪಾಲು. ಪೆಟ್ಟಿಗೆ ಕಾಯುವುದು, ಪಾಸ್‌ವರ್ಡ್ ಪರೀಕ್ಷಿಸುವುದು ಡವ್‌ಕಾಟ್ ಪಾಲು. 25ನೇ ಪೋರ್ಟನ್ನು ಸರ್ವರ್‌ಗಳ ನಡುವಿನ ಮಾತಿಗಷ್ಟೇ ಬಿಟ್ಟು, ಅಲ್ಲಿ ಲಾಗಿನ್ ಅವಕಾಶ ತೆಗೆದುಹಾಕಿದೆ. ಬಳಕೆದಾರರು ಕಳಿಸಲು 465, ಓದಲು 993. ಆಮೇಲೆ ಹೊರಗಿನ ಇನ್ನೊಂದು ಯಂತ್ರದಿಂದ, ಲಾಗಿನ್ ಇಲ್ಲದೆ, ಬೇರೊಂದು ಡೊಮೇನ್‌ಗೆ ಪತ್ರ ದಾಟಿಸಲು ನೋಡಿದೆ. ‘ರಿಲೇ ಆಕ್ಸೆಸ್ ಡಿನೈಡ್’ ಎಂಬ ಉತ್ತರ ಬರಲೇಬೇಕು, ಬಂತು. ಬಾರದಿದ್ದರೆ ಸರ್ವರ್ ತಕ್ಷಣ ನಿಲ್ಲಿಸಿ. ಯಾರ ಪತ್ರವನ್ನಾದರೂ ದಾಟಿಸುವ ಸರ್ವರನ್ನು ಸ್ಪ್ಯಾಮ್ ಕಳಿಸುವವರು ಬೇಗ ಪತ್ತೆಹಚ್ಚುತ್ತಾರೆ.

ಹೆಚ್ಚು ಹೊತ್ತು ಕೂತದ್ದು ಡೊಮೇನ್ ಹೆಸರಿನ ದಾಖಲೆಗಳಿರುವ ಡಿಎನ್ಎಸ್ ಮುಂದೆ. ಸರ್ವರ್ ‘ಹಲೋ’ ಹೇಳುವಾಗ ಕೊಡುವ ಹೆಸರು, ಆ ಹೆಸರಿನ ಐಪಿ ಹೇಳುವ ಎ ರೆಕಾರ್ಡ್, ಐಪಿಯ ಪಿಟಿಆರ್ ರೆಕಾರ್ಡ್ (ಅದೇ ರಿವರ್ಸ್ ಡಿಎನ್ಎಸ್) ಮೂರೂ ಒಂದಕ್ಕೊಂದು ಹೊಂದಬೇಕು. ನಮ್ಮ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಪತ್ರ ಕಳಿಸಬಹುದು ಎಂದು ಹೇಳುವ ಎಸ್‌ಪಿಎಫ್‌ನಲ್ಲಿ ನನ್ನ ಸರ್ವರ್‌ಗೆ ಮಾತ್ರ ಅನುಮತಿ ಕೊಟ್ಟೆ. ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕಿಮ್‌ಗೆ 2048 ಬಿಟ್‌ಗಳ ಕೀ ಮಾಡಿದೆ. ಅದರ ಸಾರ್ವಜನಿಕ ಭಾಗ ಬೇಸ್64ರಲ್ಲಿ ಸುಮಾರು 390 ಅಕ್ಷರ ಆಗುತ್ತದೆ, ಆದರೆ ಅದನ್ನಿಡುವ ಡಿಎನ್ಎಸ್‌ನ ಟಿಎಕ್ಸ್‌ಟಿ (ಪಠ್ಯ) ರೆಕಾರ್ಡ್‌ನ ಒಂದು ತುಂಡಿನಲ್ಲಿ ಹಿಡಿಯುವುದು 255. ಹಾಗಾಗಿ ಕೀಯನ್ನು ಎರಡು ತುಂಡು ಮಾಡಿ, ಒಂದೊಂದಕ್ಕೂ ಉದ್ಧರಣ ಚಿಹ್ನೆ ಹಾಕಿ, ಒಂದೇ ರೆಕಾರ್ಡ್‌ನಲ್ಲಿ ಪಕ್ಕಪಕ್ಕ ಇಡಬೇಕು. ಓದುವ ಸರ್ವರ್ ಎರಡನ್ನೂ ಸೇರಿಸಿಕೊಳ್ಳುತ್ತದೆ. ಕೆಲವು ಡಿಎನ್ಎಸ್ ಪ್ಯಾನೆಲ್‌ಗಳು ಇದನ್ನು ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಡಿಎನ್ಎಸ್ ದಾಖಲೆ ತೋರಿಸುವ ಡಿಗ್ ಕಮಾಂಡ್‌ನಿಂದ ಪೂರ್ತಿ ಓದಿ, ಮೂಲ ಕೀ ಜೊತೆ ಹೋಲಿಸಿ ನೋಡುವುದೇ ಸರಿ.

ಎಸ್‌ಪಿಎಫ್ ಇರುವಾಗ ಡಿಕಿಮ್ ಯಾಕೆ ಎಂದು ಕೆಲವರು ಕೇಳುತ್ತಾರೆ. ನಿಮ್ಮ ಪತ್ರವನ್ನು ಯಾರೋ ತಮ್ಮ ಇನ್ನೊಂದು ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಇಟ್ಟಿದ್ದರೆ ಅದು ತಲುಪುವುದು ಅವರ ಸರ್ವರ್‌ನ ಐಪಿಯಿಂದ; ಎಸ್‌ಪಿಎಫ್ ಸೋಲುತ್ತದೆ. ಪತ್ರವನ್ನು ಯಾರೂ ತಿದ್ದದಿದ್ದರೆ ಡಿಕಿಮ್ ಸಹಿ ಉಳಿಯುತ್ತದೆ. ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್‌ಗೆ ಎರಡರಲ್ಲಿ ಒಂದು, ಕಳಿಸುವವರ ಡೊಮೇನ್‌ಗೆ ಹೊಂದಿ ಗೆದ್ದರೆ ಸಾಕು. ಡಿಮಾರ್ಕನ್ನು ಮೊದಲು ‘none’ (ಕ್ರಮ ಬೇಡ, ವರದಿ ಮಾತ್ರ) ಎಂದಿಟ್ಟು, ಬರುವ ವರದಿಗಳನ್ನು ಓದಿ, ಆಮೇಲೆ ಬಿಗಿ ಮಾಡಿದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ದೃಢೀಕರಣವನ್ನು ಕಡ್ಡಾಯ ಮಾಡತೊಡಗಿವೆ: ಸಣ್ಣ ಸರ್ವರ್‌ಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕು, ರಾಶಿ ರಾಶಿ ಪತ್ರ ಕಳಿಸುವವರಿಗೆ ಡಿಮಾರ್ಕ್ ಸೇರಿ ಮೂರೂ ಬೇಕು.

ಮೊದಮೊದಲು ಕೆಲವು ಪತ್ರ ಸ್ಪ್ಯಾಮ್ ಫೋಲ್ಡರ್‌ಗೆ ಬೀಳುತ್ತವೆ, ಹೊಸ ಐಪಿಗೆ ಅದು ಸಹಜ. ಗುರುತಿನವರಿಗೆ ಬರೆಯಿರಿ, ಉತ್ತರ ಬರೆಯಲು ಹೇಳಿ. ಲಾಗ್ ನೋಡುವಾಗ 4ರಿಂದ ಶುರುವಾಗುವ ಕೋಡ್ ಕಂಡರೆ ಗಾಬರಿ ಬೇಡ, ಪೋಸ್ಟ್‌ಫಿಕ್ಸ್ ತಾನಾಗಿಯೇ ಐದು ದಿನದವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 5ರಿಂದ ಶುರುವಾದರೆ ಅದು ಖಡಾಖಂಡಿತ ನಿರಾಕರಣೆ. ಕಾರಣ ಆ ಸಾಲಿನಲ್ಲೇ ಬರೆದಿರುತ್ತದೆ, ಓದಿ ಸರಿಪಡಿಸಬೇಕು.

ಸಂಪರ್ಕವನ್ನು ಸುರಕ್ಷಿತವಾಗಿಡುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ನವೀಕರಣವಾದಾಗ ಡವ್‌ಕಾಟ್ ರೀಲೋಡ್ ಆಗುವಂತೆ ಒಂದು ಹುಕ್ (ತಾನಾಗಿ ಓಡುವ ಸಣ್ಣ ಸ್ಕ್ರಿಪ್ಟ್) ಇಟ್ಟಿದ್ದೇನೆ. ಇಲ್ಲದಿದ್ದರೆ ಹೊಸ ಪ್ರಮಾಣಪತ್ರ ಡಿಸ್ಕ್‌ನಲ್ಲಿದ್ದರೂ ಹಳೆಯದೇ ಹೊರಗೆ ಹೋಗುತ್ತಿರುತ್ತದೆ. ಪತ್ರಗಳನ್ನಿಡುವ ಮೇಲ್‌ಡಿರ್ ವಿಧಾನದಲ್ಲಿ ಪ್ರತಿ ಪತ್ರವೂ ಒಂದೊಂದು ಫೈಲ್ ಆದ್ದರಿಂದ ಫೈಲ್ ನಕಲು ಮಾಡುವ ಆರ್‌ಸಿಂಕ್‌ನಲ್ಲೇ ಬ್ಯಾಕಪ್ ಮುಗಿಯುತ್ತದೆ. ಅದರ ಜೊತೆಗೆ ಕಾನ್ಫಿಗ್ ಫೈಲ್‌ಗಳನ್ನೂ ಡಿಕಿಮ್‌ನ ಖಾಸಗಿ ಕೀಯನ್ನೂ ತಪ್ಪದೆ ಸೇರಿಸಿಕೊಳ್ಳಿ.