ಹಳೇ ಲಾರಿಗೆ ಏರ್ ಸಸ್ಪೆನ್ಷನ್ ಕಟ್ಟುವುದು: ರಾಡ್ ಮೊದಲು, ಬೆಲ್ಲೋ ಆಮೇಲೆ

ಏರ್ ಸಸ್ಪೆನ್ಷನ್ ಹಾಕಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ಬೆಲ್ಲೋ (ಗಾಳಿ ತುಂಬುವ ರಬ್ಬರ್ ಚೀಲ) ತಗೊಳ್ಳಲಿ ಅಂತ. ಅದು ಆಮೇಲೆ ಬರಬೇಕಾದ ಪ್ರಶ್ನೆ. ಈಗಿರುವ ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಬರೀ ಭಾರ ಹೊರುವುದಿಲ್ಲ. ಆಕ್ಸಲ್ ಹಿಂದೆ ಮುಂದೆ ಜರುಗದ ಹಾಗೆ ಹಿಡಿಯುತ್ತದೆ, ಪಕ್ಕಕ್ಕೆ ಸರಿಯದ ಹಾಗೆ ತಡೆಯುತ್ತದೆ, ಬ್ರೇಕ್ ಒತ್ತಿದಾಗಲೂ ಕ್ಲಚ್ ಬಿಟ್ಟಾಗಲೂ ಹೌಸಿಂಗ್ (ಆಕ್ಸಲ್‌ನ ಹೊರಕವಚ) ಉರುಳಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಲುಕಾಟವೂ ಬೇಗ ನಿಲ್ಲುತ್ತದೆ. ಬೆಲ್ಲೋಗೆ ಬರುವುದು ಒಂದೇ ಕೆಲಸ, ಭಾರ ಹೊರುವುದು. ಉಳಿದದ್ದಕ್ಕೆಲ್ಲ ರಾಡ್, ಶಾಕ್ ಹಾಕಿ ನೀವೇ ದಾರಿ ಮಾಡಬೇಕು.

ನನ್ನ ಸಲಹೆ, ಹಿಂದಿನ ಆಕ್ಸಲ್‌ಗೆ ಮಾತ್ರ ಮಾಡಿ. ಮುಂದಿನದಕ್ಕೆ ಕೈ ಹಾಕಿದರೆ ಸ್ಟೀರಿಂಗ್ ರಾಡಿನ ಕೋನ, ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಪಿನ್ ಹಿಂದಕ್ಕೆ ವಾಲಿರುವ ಕೋನ) ಎಲ್ಲ ಬದಲಾಗುತ್ತದೆ, ಗುಂಡಿಗೆ ಬಿದ್ದಾಗ ಸ್ಟೀರಿಂಗ್ ತಾನೇ ಎಳೆಯಲು ಶುರುವಾಗುತ್ತದೆ. ಮುಂದೆ ಒಳ್ಳೇ ಕಮಾನ್, ಹಿಂದೆ ಏರ್ ಇದ್ದರೆ ಲಾರಿ ತುಂಬಾ ಚೆನ್ನಾಗಿ ಓಡುತ್ತದೆ. ಹಳೇ ಗಾಡಿಗೆ ಇದು ಹೊಂದಲ್ಲ ಅನ್ನುವವರಿಗೆ ಒಂದು ಮಾತು: ಜನರಲ್ ಮೋಟಾರ್ಸ್ 1953ರಲ್ಲೇ ತನ್ನ ಬಸ್‌ಗಳಿಗೆ ಏರ್ ಸಸ್ಪೆನ್ಷನ್ ಕೊಟ್ಟಿತ್ತು.

ಏನನ್ನೂ ಬಿಚ್ಚುವ ಮೊದಲು ಅಳತೆ ತಗೊಳ್ಳಿ. ಲಾರಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಆಕ್ಸಲ್ ನಡುವಿನಿಂದ ಚಾಸಿಯ ಕೆಳಗಂಚಿನವರೆಗೆ ಎರಡೂ ಕಡೆ ಎಷ್ಟು ಎತ್ತರ, ಮುಂದಿನ ಒಂದು ಗಟ್ಟಿ ಗುರುತಿನಿಂದ ಆಕ್ಸಲ್‌ಗೆ ಎಡಕ್ಕೂ ಬಲಕ್ಕೂ ಎಷ್ಟು ದೂರ, ಮೂಲೆಯಿಂದ ಮೂಲೆಗೆ ಎಷ್ಟು, ಎಲ್ಲ ಬರೆದಿಡಿ. ಕೋನ ಅಳೆಯುವ ಗೇಜನ್ನು ಪಿನಿಯನ್ ಫ್ಲೇಂಜ್ (ಪ್ರೊಪೆಲರ್ ಶಾಫ್ಟ್ ಆಕ್ಸಲ್‌ಗೆ ಕೂಡುವ ಬಿಲ್ಲೆ) ಮೇಲೆ ಇಟ್ಟು ಓದಿ, ಗೇರ್‌ಬಾಕ್ಸ್ ಕಡೆಯದನ್ನೂ ಓದಿ. ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಈ ಪ್ರೊಪೆಲರ್ ಶಾಫ್ಟಿನ ಎರಡೂ ತುದಿಯ ಜಾಯಿಂಟ್‌ಗಳ ಕೋನ ಒಂದಕ್ಕೊಂದು ಸರಿಹೊಂದಬೇಕು, ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಬಂದರೆ ಗಾಡಿ ವೇಗ ಹಿಡಿದಾಗ ನಡುಕ ಶುರು, ಆಮೇಲೆ ಜಾಯಿಂಟ್ ಹೋಗುತ್ತದೆ.

ಈಗ ರಾಡ್‌ಗಳು. ದಾರಿ ಎರಡು. ಟ್ರೈಲಿಂಗ್ ಆರ್ಮ್ ಅಂದರೆ ಚಾಸಿಯ ಹ್ಯಾಂಗರ್‌ನಿಂದ (ಚಾಸಿಗೆ ಬಿಗಿದ ಬ್ರಾಕೆಟ್) ಹಿಂದಕ್ಕೆ ಬರುವ ದಪ್ಪ ತೋಳು, ಅದರ ಮೇಲೆ ಆಕ್ಸಲ್, ತುದಿಯಲ್ಲಿ ಬೆಲ್ಲೋ. ಇನ್ನೊಂದು, ಕೆಳಗೆ ಎರಡು ಉದ್ದ ರಾಡ್, ಮೇಲೆ ಕ್ರೌನ್ ಹೌಸಿಂಗಿಗೆ (ಆಕ್ಸಲ್ ನಡುವಿನ ಗುಂಡು ಭಾಗ) ವಿ ಆಕಾರದ ಒಂದು ರಾಡ್. ಎರಡನೆಯದಕ್ಕೆ ಹೌಸಿಂಗ್ ಮೇಲೆ ಬ್ರಾಕೆಟ್ ವೆಲ್ಡ್ ಮಾಡಬೇಕಾಗುತ್ತದೆ. ಹಳೇ ಹೌಸಿಂಗ್ ಆ ಬಿಸಿಗೆ ಸೊಟ್ಟಗಾಗಬಹುದು, ಹಾಗಾಗಿ ಮೊದಲನೆಯದನ್ನೇ ಹಿಡಿಯಿರಿ. ಗುಜರಿಗೆ ಹೋದ ಬಸ್ಸಿನದೋ ಲಾರಿಯದೋ, ನಿಮ್ಮ ಆಕ್ಸಲ್ ಭಾರಕ್ಕೂ ಚಾಸಿ ಅಗಲಕ್ಕೂ ಹೊಂದುವ ಪೂರ್ತಿ ಸೆಟ್ ಸಿಕ್ಕರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕೀಲಿನೊಳಗಿನ ರಬ್ಬರ್ ಬುಷ್ ಮತ್ತು ಯು ಬೋಲ್ಟ್ ಮಾತ್ರ ಹೊಸದೇ ಆಗಬೇಕು. ಪಕ್ಕದ ಜಗ್ಗಾಟ ತಡೆಯಲು ಪ್ಯಾನ್‌ಹಾರ್ಡ್ ರಾಡ್ (ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ ಕೂಡುವ ಅಡ್ಡ ರಾಡ್) ಬೇಕು, ಅದು ಎಷ್ಟು ಉದ್ದವಿದ್ದರೆ ಅಷ್ಟು ಒಳ್ಳೆಯದು, ಲಾರಿ ತನ್ನ ಎತ್ತರದಲ್ಲಿ ನಿಂತಾಗ ಅಡ್ಡಕ್ಕೆ ನೇರವಾಗಿರಬೇಕು. ಬುಷ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯುವುದೂ ಅದೇ ಎತ್ತರದಲ್ಲಿ. ಆಕ್ಸಲ್ ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಬೆಲ್ಲೋ ಸೈಜಿಗೆ ಲೆಕ್ಕ ಸುಲಭ. ಹಿಂದಿನ ಆಕ್ಸಲ್ ಮೇಲೆ ಲೋಡ್ ಸೇರಿ 8000 ಕೆಜಿ ಅಂದುಕೊಳ್ಳಿ. ಅದರಲ್ಲಿ ಆಕ್ಸಲ್, ಚಕ್ರ, ಬ್ರೇಕ್‌ದೇ 1000 ಕೆಜಿ ಅಂತ ತೆಗೆಯಿರಿ. ಉಳಿದ 7000ದಲ್ಲಿ ಒಂದೊಂದು ಕಡೆಗೆ 3500. ಹ್ಯಾಂಗರ್‌ನಿಂದ ಆಕ್ಸಲ್‌ಗೆ 60 ಸೆಂ.ಮೀ., ಬೆಲ್ಲೋಗೆ 90 ಸೆಂ.ಮೀ. ಇದ್ದರೆ ಬೆಲ್ಲೋ ಮೇಲೆ ಬರುವುದು ಮೂರರಲ್ಲಿ ಎರಡು ಪಾಲು, ಸುಮಾರು 2330 ಕೆಜಿ. ಮಿಕ್ಕ 1170 ಕೆಜಿ ಹ್ಯಾಂಗರ್ ಬ್ರಾಕೆಟ್ ಮೇಲೆ ಹೋಗುತ್ತದೆ, ಇದನ್ನು ತುಂಬಾ ಜನ ಮರೆಯುತ್ತಾರೆ. 5 ಬಾರ್ ಒತ್ತಡ ಅಂದರೆ ಚದರ ಸೆಂ.ಮೀ.ಗೆ 5.1 ಕೆಜಿ. ಭಾಗಿಸಿದರೆ ಸುಮಾರು 457 ಚದರ ಸೆಂ.ಮೀ., ಅಂದರೆ 24 ಸೆಂ.ಮೀ. ವ್ಯಾಸ. ಇದು ಬೆಲ್ಲೋದ ಹೊರ ಅಳತೆ ಅಲ್ಲ. ತಯಾರಕರ ಚಾರ್ಟಿನಲ್ಲಿ ಆ ಎತ್ತರಕ್ಕೆ, ಆ ಒತ್ತಡಕ್ಕೆ ಎಷ್ಟು ಭಾರ ಹೊರುತ್ತದೆ ಅಂತ ಇರುತ್ತದೆ, ಅದನ್ನೇ ನೋಡಿ. ಇದೇ ಉದಾಹರಣೆಯಲ್ಲಿ ಆಕ್ಸಲ್ 10 ಸೆಂ.ಮೀ. ಏರಿದರೆ ಬೆಲ್ಲೋ 15 ಸೆಂ.ಮೀ. ಕುಗ್ಗಬೇಕು ಅನ್ನುವುದೂ ನೆನಪಿರಲಿ. ಗಾಳಿ ತುಂಬಿದಾಗ ಸುತ್ತ 25 ಮಿ.ಮೀ. ಜಾಗವಾದರೂ ಬೇಕು. ಟೈರ್, ಬ್ರೇಕ್ ಚೇಂಬರ್ ತಾಗಬಾರದು, ಸೈಲೆನ್ಸರ್ ಪೈಪ್ ಹತ್ತಿರ ಇರಲೇಬಾರದು.

ಚಾಸಿ ವಿಷಯದಲ್ಲಿ ಸಡಿಲ ಬಿಡಬೇಡಿ. ಮೇಲಿನ, ಕೆಳಗಿನ ಮಡಿಕೆಯಲ್ಲಿ ತೂತು ಹಾಕಬೇಡಿ, ನಡುವಿನ ನಿಂತ ಪಟ್ಟಿಯಲ್ಲಿ ಮಾತ್ರ ಡ್ರಿಲ್ ಮಾಡಿ. ಗ್ಯಾಸ್ ಕಟರ್‌ನಲ್ಲಿ ತೂತು ಮಾಡುವುದಂತೂ ಬೇಡವೇ ಬೇಡ. ಹ್ಯಾಂಗರ್‌ಗೆ 10.9 ಗ್ರೇಡಿನ ಬೋಲ್ಟ್ ಹಾಕಿ. ಎರಡೂ ಹ್ಯಾಂಗರ್ ನಡುವೆ ಒಂದು ಅಡ್ಡ ಮೆಂಬರ್ ಇರಲಿ, ಇಲ್ಲದಿದ್ದರೆ ಆರ್ಮ್ ತಿರುಚಿದಾಗಲೆಲ್ಲ ಚಾಸಿಯೇ ಬಾಗುತ್ತದೆ.

ಶಾಕ್ ಅಬ್ಸಾರ್ಬರ್ ಹಳೆಯದನ್ನೇ ಉಳಿಸಿಕೊಳ್ಳಬೇಡಿ. ಗಾಳಿಗೆ ಉಜ್ಜಾಟವೇ ಇಲ್ಲ, ಹಾಗಾಗಿ ಶಾಕ್ ದುರ್ಬಲವಿದ್ದರೆ ಲಾರಿ ತೇಲಾಡುತ್ತದೆ. ಜಾಕಿ ಹಾಕಿ ಚಾಸಿ ಎತ್ತಿದಾಗ ಆಕ್ಸಲ್ ಕೆಳಗೆ ಜಗ್ಗಿ ಬೆಲ್ಲೋ ಹರಿಯದಂತೆ ತಡೆಯುವುದೂ ಎಷ್ಟೋ ಸೆಟ್‌ಗಳಲ್ಲಿ ಶಾಕೇ. ಆಕ್ಸಲ್ ಪೂರ್ತಿ ಕೆಳಗಿರುವಾಗ ಬ್ರೇಕ್ ಹೋಸ್ ಉದ್ದ ಸಾಕಾಗುತ್ತದಾ ಅಂತಲೂ ಆಗಲೇ ನೋಡಿಬಿಡಿ.

ಗಾಳಿಯ ವಿಷಯಕ್ಕೆ ಬಂದರೆ, ಬ್ರೇಕಿನದು ಮೊದಲ ಹಕ್ಕು. ಬ್ರೇಕ್ ಟ್ಯಾಂಕಿನಿಂದ ಸಸ್ಪೆನ್ಷನ್‌ಗೆ ಹೋಗುವ ದಾರಿಯಲ್ಲಿ ಪ್ರೆಷರ್ ಪ್ರೊಟೆಕ್ಷನ್ ವಾಲ್ವ್ ಕಡ್ಡಾಯ. ಬೆಲ್ಲೋ ಒಡೆದರೂ ಬ್ರೇಕ್ ಗಾಳಿ ಉಳಿಸುವುದು ಇದೇ. ಸಾಮಾನ್ಯವಾಗಿ 4.5 ರಿಂದ 5.5 ಬಾರ್‌ಗೆ ಸೆಟ್ ಮಾಡಿರುತ್ತಾರೆ. ಸಸ್ಪೆನ್ಷನ್‌ಗೆ ಬೇರೆ ಟ್ಯಾಂಕ್ ಇಡಿ, ಏರ್ ಡ್ರೈಯರ್ ಹಾಕಿ. ಹಳೇ ಲಾರಿ ಬರೀ ಹೈಡ್ರಾಲಿಕ್ ಅಥವಾ ವ್ಯಾಕ್ಯೂಮ್ ಬ್ರೇಕಿನದಾದರೆ ಕಂಪ್ರೆಸರ್‌ನಿಂದಲೇ ಶುರು ಮಾಡಬೇಕು.

ಎತ್ತರ ಕಾಯುವುದು ಲೆವೆಲಿಂಗ್ ವಾಲ್ವ್. ಅದನ್ನು ಚಾಸಿಗೆ ಬಿಗಿದು, ಅದರ ಕಡ್ಡಿಯನ್ನು ಒಂದು ಕೊಂಡಿಯ ಮೂಲಕ ಆಕ್ಸಲ್‌ಗೆ ಜೋಡಿಸಿ. ಸರಿಯಾದ ಎತ್ತರದಲ್ಲಿ ಕಡ್ಡಿ ಅಡ್ಡಕ್ಕೆ, ಕೊಂಡಿ ನೆಟ್ಟಗೆ ಇರಬೇಕು. ಬಾಡಿ ಎತ್ತರವಾಗಿದ್ದರೆ ಹಿಂದೆ ಎರಡು ವಾಲ್ವ್, ಇಲ್ಲವಾದರೆ ಒಂದೇ ಸಾಕು. ಮುಂದೊಂದು ದಿನ ನಾಲ್ಕೂ ಮೂಲೆಗೆ ಏರ್ ಮಾಡಿದರೂ ವಾಲ್ವ್ ಮೂರೇ ಇರಲಿ. ಮುಕ್ಕಾಲಿ ಎಂಥ ನೆಲದಲ್ಲೂ ಅಲ್ಲಾಡದೆ ಕೂರುತ್ತದೆ ಅಲ್ವಾ, ಹಾಗೆ. ನಾಲ್ಕಾದರೆ ಒಂದು ತುಂಬಿಸುತ್ತದೆ, ಇನ್ನೊಂದು ಬಿಡುತ್ತದೆ, ಸುಮ್ನೆ ಕಿತ್ತಾಟ.

ಇಂಥ ಬದಲಾವಣೆಗೆ ನಿಮ್ಮ ಕಡೆಯ ವಾಹನ ಇಲಾಖೆಯ ಒಪ್ಪಿಗೆ ಬೇಕೇ ಅಂತ ಸಾಮಾನು ಕೊಳ್ಳುವ ಮೊದಲೇ ವಿಚಾರಿಸಿ. ಬರೀ ಗಾಳಿಯ ಮೇಲೆ ನಿಂತ ಲಾರಿಯ ಕೆಳಗೆ ಯಾವತ್ತೂ ಹೋಗಬೇಡಿ. ಪೈಪ್ ಒಂದು ಕಳಚಿದರೆ ಚಾಸಿ ಕ್ಷಣದಲ್ಲಿ ಕೆಳಗೆ ಬರುತ್ತದೆ. ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಿ.

ಎಲ್ಲ ಕೂಡಿದ ಮೇಲೆ ಪೂರ್ತಿ ಗಾಳಿ ತುಂಬಿ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಎತ್ತರ ಅಳೆಯಿರಿ. ಮೊದಲು ಖಾಲಿ ಗಾಡಿ, ಆಮೇಲೆ ಅರ್ಧ ಲೋಡ್, ಆಮೇಲೆ ಪೂರ್ತಿ. ಪ್ರತಿ ಸಲ ವಾಪಸ್ ಬಂದಾಗ ಬೆಲ್ಲೋ ರಬ್ಬರಿನ ಮೇಲೆ ಕೈಯಾಡಿಸಿ, ಎಲ್ಲಾದರೂ ಹೊಳೆಯುವ ಉಜ್ಜಿದ ಗುರುತು ಇದ್ದರೆ ಅಲ್ಲಿ ಏನೋ ತಾಗುತ್ತಿದೆ ಅಂತ ಅರ್ಥ. ಲೋಡ್ ಹಾಕಿ ಓಡಿಸಿದ ಮೇಲೆ ಯು ಬೋಲ್ಟ್ ಸ್ವಲ್ಪ ಸಡಿಲವಾಗುವುದು ಸಹಜ, ಟಾರ್ಕ್ ಸ್ಪ್ಯಾನರ್ ಹಿಡಿದು ಇನ್ನೊಮ್ಮೆ ಬಿಗಿಯಿರಿ.