ಕಣ್ಣಿಗೆ ದಾರಿ ತೋರುವ ಪುಟ: ಕನ್ನಡ ಜಾಲತಾಣವನ್ನು ಸರಳವಾಗಿ ವಿನ್ಯಾಸಗೊಳಿಸುವುದು ಹೇಗೆ?

ಜಾಲತಾಣದ ಪುಟ ತೆರೆದವರು ಅದನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದುವುದಿಲ್ಲ; ತಮಗೆ ಬೇಕಾದದ್ದು ಎಲ್ಲಿದೆ ಎಂದು ಹುಡುಕುತ್ತಾರೆ. ಯಾವುದು ಮೊದಲು ಕಣ್ಣಿಗೆ ಬೀಳಬೇಕು, ಯಾವುದು ಆಮೇಲೆ, ಯಾವುದು ಹುಡುಕಿದವರಿಗೆ ಮಾತ್ರ ಸಿಕ್ಕರೆ ಸಾಕು ಎಂಬ ಕ್ರಮವನ್ನು ಗಾತ್ರ, ದಪ್ಪ, ಬಣ್ಣ ಮತ್ತು ಖಾಲಿ ಜಾಗದ ಮೂಲಕ ತೋರಿಸುವುದೇ ದೃಶ್ಯ ಶ್ರೇಣಿ. ಇಂಗ್ಲಿಷಿಗಾಗಿ ರೂಪಿಸಿದ ಸಿದ್ಧ ಟೆಂಪ್ಲೇಟಿಗೆ, ಅಂದರೆ ಪುಟದ ಸಿದ್ಧ ಮಾದರಿಗೆ, ಕನ್ನಡ ಪಠ್ಯ ತುಂಬಿದಾಗ ಈ ಕ್ರಮ ಸುಲಭವಾಗಿ ಕೆಡುತ್ತದೆ. ಮಲೆನಾಡಿನಲ್ಲಿ ಅಡಿಕೆ ಮತ್ತು ಕಾಳುಮೆಣಸಿನ ಸಸಿ ಮಾರುವ ಒಂದು ನರ್ಸರಿಯ ಮುಖಪುಟವನ್ನು ಉದಾಹರಣೆಯಾಗಿಟ್ಟುಕೊಂಡು, ಕನ್ನಡ ಪುಟವನ್ನು ಮೊದಲಿನಿಂದ ಕಟ್ಟುವ ಬಗೆಯನ್ನು ನೋಡೋಣ.

ಮೊದಲ ಕೆಲಸ ಕಾಗದದ ಮೇಲೆ ಆಗಬೇಕು. ನರ್ಸರಿಯ ಪುಟಕ್ಕೆ ಬರುವ ರೈತರು ಏನು ಕೇಳುತ್ತಾರೆ ಎಂಬುದನ್ನು ಬರೆದುಕೊಳ್ಳಿ: ಯಾವ ತಳಿಯ ಸಸಿ ಇದೆ, ಬೆಲೆ ಎಷ್ಟು, ಯಾರಿಗೆ ಫೋನ್ ಮಾಡಬೇಕು, ದಾರಿ ಯಾವುದು. ನರ್ಸರಿ ನಡೆದುಬಂದ ಹಾದಿ, ಸಮಾರಂಭದ ಫೋಟೊಗಳು, ಸನ್ಮಾನದ ಸುದ್ದಿ ಈ ಪಟ್ಟಿಯಲ್ಲಿ ಬರುವುದಿಲ್ಲ. ಅವುಗಳಿಗೆ ಬೇರೆ ಪುಟವಿರಲಿ. ಉಳಿದ ನಾಲ್ಕರಲ್ಲಿಯೂ ಒಂದನ್ನು ಮಾತ್ರ ಮೊದಲನೆಯದೆಂದು ಆರಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಅದು ಮೊದಲ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರಿಸುವ ತಳಿ ಮತ್ತು ಬೆಲೆಯ ಪಟ್ಟಿ. ಈ ಆಯ್ಕೆಯನ್ನು ಮುಂದೂಡಿದರೆ ಎಲ್ಲವೂ ದಪ್ಪಕ್ಷರದಲ್ಲಿ, ಎಲ್ಲವೂ ಕೆಂಪು ಬಣ್ಣದಲ್ಲಿ ಬಂದು ಕೂರುತ್ತವೆ, ಆಗ ಯಾವುದೂ ಎದ್ದು ಕಾಣುವುದಿಲ್ಲ.

ಈ ಕಟ್ಟುನಿಟ್ಟು ದೊಡ್ಡ ಮಟ್ಟದಲ್ಲಿಯೂ ಸಾಧ್ಯ ಎಂಬುದಕ್ಕೆ ಬ್ರಿಟಿಷ್ ಸರ್ಕಾರದ ಗವ್.ಯುಕೆ ತಾಣವೇ ಸಾಕ್ಷಿ. ಡೈರೆಕ್ಟ್‌ಗವ್ ಮತ್ತು ಬಿಸಿನೆಸ್ ಲಿಂಕ್ ಎಂಬ ಎರಡು ದೊಡ್ಡ ತಾಣಗಳ ಬದಲಿಗೆ 2012ರ ಅಕ್ಟೋಬರಿನಲ್ಲಿ ಬಂದ ಈ ತಾಣದಲ್ಲಿ ಅಲಂಕಾರವೆಂಬುದು ಇಲ್ಲವೇ ಇಲ್ಲವೆನ್ನಬಹುದು. ಸೇವೆಯೊಂದನ್ನು ಆರಂಭಿಸುವ ಪುಟದಲ್ಲಿ ಒಂದು ಹಸಿರು ಗುಂಡಿ ಇರುತ್ತದೆ, ಕಣ್ಣು ನೇರ ಅಲ್ಲಿಗೆ ಹೋಗುತ್ತದೆ. ಲಂಡನ್ನಿನ ಡಿಸೈನ್ ಮ್ಯೂಸಿಯಂ 2013ರಲ್ಲಿ ಇದನ್ನೇ ವರ್ಷದ ಅತ್ಯುತ್ತಮ ವಿನ್ಯಾಸವೆಂದು ಗೌರವಿಸಿತು.

ಎರಡನೆಯ ಹೆಜ್ಜೆ ಅಕ್ಷರಗಳದ್ದು, ಕನ್ನಡದ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು. ಇಂಗ್ಲಿಷಿನಲ್ಲಿ ಶೀರ್ಷಿಕೆಯನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಸಾಕು, ಬೇರೆಯಾಗಿ ಕಾಣುತ್ತದೆ. ಕನ್ನಡ ಲಿಪಿಯಲ್ಲಿ ಆ ಭೇದವೇ ಇಲ್ಲ. ಓರೆ ಅಕ್ಷರವೂ ನಮ್ಮ ಲಿಪಿಯ ರೂಢಿಯಲ್ಲ. ಹೀಗಾಗಿ ಗಾತ್ರ, ದಪ್ಪ ಮತ್ತು ಅಂತರ ಈ ಮೂರರಿಂದಲೇ ಶ್ರೇಣಿ ಕಟ್ಟಬೇಕು. ಪಠ್ಯಕ್ಕೆ 18 ಪಿಕ್ಸೆಲ್, ಉಪಶೀರ್ಷಿಕೆಗೆ 22, ಪುಟದ ಶೀರ್ಷಿಕೆಗೆ 30 ಎಂದು ಮೂರೇ ಗಾತ್ರಗಳನ್ನು ನಿಗದಿಪಡಿಸಿಕೊಂಡರೆ ಇಂಥ ಪುಟಕ್ಕೆ ಧಾರಾಳವಾಯಿತು. ನೋಟೊ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂತೆ ಹಲವು ದಪ್ಪಗಳಿರುವ ಫಾಂಟನ್ನೇ ಆರಿಸಿಕೊಳ್ಳಿ. ದಪ್ಪ ರೂಪವಿಲ್ಲದ ಫಾಂಟಿಗೆ ದಪ್ಪ ಬೇಕೆಂದು ಹೇಳಿದರೆ ಬ್ರೌಸರು ತಾನೇ ಗೆರೆಗಳನ್ನು ಉಬ್ಬಿಸುತ್ತದೆ, ಆಗ ಕನ್ನಡ ಅಕ್ಷರಗಳ ಸುಳಿಗಳು ಮುಚ್ಚಿಕೊಂಡು ಓದಲು ತೊಡಕಾಗುತ್ತದೆ.

ಸಾಲುಗಳ ನಡುವಿನ ಅಂತರವನ್ನು ಟೆಂಪ್ಲೇಟಿನಲ್ಲಿ ಇದ್ದಂತೆಯೇ ಬಿಡಬಾರದು. 'ದಾಸ್ತಾನು' ಎಂಬ ಪದದಲ್ಲಿ ಸಕಾರದ ಕೆಳಗೆ ತಕಾರದ ಒತ್ತು ಇಳಿದಿರುತ್ತದೆ. ಅದರ ಕೆಳಗಿನ ಸಾಲಿನಲ್ಲಿ 'ಸಸಿ' ಎಂಬ ಪದ ಬಂದರೆ ಅದರ ಗುಡಿಸು ಮೇಲಕ್ಕೆ ಏಳುತ್ತದೆ. ಅಂತರವು ಅಕ್ಷರ ಗಾತ್ರದ 1.2 ಪಟ್ಟು ಇದ್ದರೆ ಇವೆರಡೂ ಒಂದಕ್ಕೊಂದು ತಾಗಿದಂತೆ ಕಾಣುವ ಸಂಭವವಿದೆ. 1.6 ಅಥವಾ 1.7 ಪಟ್ಟು ಇಟ್ಟು ನೋಡಿ: ಅದೇ ಪಠ್ಯ, ಅದೇ ಫಾಂಟು, ಆದರೆ ಪುಟ ಉಸಿರಾಡತೊಡಗುತ್ತದೆ.

ಅನಂತರ ಖಾಲಿ ಜಾಗ. ತಳಿಯ ಹೆಸರಿಗೂ ಅದರ ಬೆಲೆಗೂ ನಡುವೆ ಕಡಿಮೆ, ಒಂದು ತಳಿಗೂ ಇನ್ನೊಂದಕ್ಕೂ ನಡುವೆ ಹೆಚ್ಚು ಜಾಗವಿರಲಿ. ಹತ್ತಿರವಿರುವುದನ್ನು ಕಣ್ಣು ಒಂದೇ ಗುಂಪೆಂದು ಗ್ರಹಿಸುವುದರಿಂದ 'ಮಂಗಳ ಅಡಿಕೆ' ಮತ್ತು 'ಪಣಿಯೂರು-1 ಕಾಳುಮೆಣಸು' ಎಂಬ ಎರಡು ಭಾಗಗಳನ್ನು ಬೇರ್ಪಡಿಸಲು ಗೆರೆಯೂ ಬೇಡ, ಬಣ್ಣದ ಚೌಕವೂ ಬೇಡ.

ಬಣ್ಣದ ವಿಷಯದಲ್ಲಿ ಒಂದೇ ಒಂದು ಎದ್ದು ಕಾಣುವ ಬಣ್ಣವನ್ನು ಫೋನ್ ಮಾಡುವ ಗುಂಡಿಗೆ ಮೀಸಲಿಡಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅನುಪಾತದ ವ್ಯತ್ಯಾಸವಿರಬೇಕೆಂದು ಜಾಲತಾಣಗಳ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ಅಕ್ಷರಗಳಿಗೆ 3:1 ಸಾಕು. ಬಿಳಿಯ ಮೇಲೆ #999999 ಎಂಬ ಬಣ್ಣಸಂಕೇತದ ತಿಳಿಬೂದು ಈ ಪರೀಕ್ಷೆಯಲ್ಲಿ ಸೋಲುತ್ತದೆ, #767676 ಎಂಬ ತುಸು ಗಾಢ ಬೂದು ಅಂಚಿನಲ್ಲಿ ಗೆಲ್ಲುತ್ತದೆ. ತೋಟದ ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗಾಗಿ ಇನ್ನೂ ಕಪ್ಪಾದ ಬಣ್ಣವನ್ನೇ ಬಳಸುವುದು ಒಳ್ಳೆಯದು. ಗುಂಡಿಯ ಎತ್ತರ 44 ಪಿಕ್ಸೆಲ್‌ಗಿಂತ ಕಡಿಮೆಯಾಗದಿರಲಿ.

ಇನ್ನು ವಾಕ್ಯಗಳು. ಓದುಗರ ಕಣ್ಣು ಪುಟದ ಮೇಲಿನ ಕೆಲವು ಸಾಲುಗಳನ್ನು ನೋಡಿ, ಬಳಿಕ ಎಡ ಅಂಚಿನಲ್ಲಿ ಕೆಳಗಿಳಿಯುವ ಪ್ರವೃತ್ತಿಯನ್ನು ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ನೀಲ್ಸನ್ ನಾರ್ಮನ್ ಗ್ರೂಪ್ ಸಂಸ್ಥೆ 2006ರಲ್ಲಿಯೇ ದಾಖಲಿಸಿದೆ. ಕನ್ನಡದಲ್ಲಿ ಕ್ರಿಯಾಪದವೂ 'ಇಲ್ಲ' ಎಂಬ ನಿಷೇಧವೂ ವಾಕ್ಯದ ಕೊನೆಗೆ ಬರುವುದರಿಂದ ಇದು ನಮಗೆ ದೊಡ್ಡ ತೊಡಕು. 'ಗ್ರಾಹಕರ ಗಮನಕ್ಕೆ, ಈ ಬಾರಿ ಬೇಡಿಕೆ ಹೆಚ್ಚಿರುವ ಕಾರಣ ಮಂಗಳ ತಳಿಯ ಸಸಿಗಳು ಸದ್ಯಕ್ಕೆ ದೊರೆಯುವುದಿಲ್ಲ' ಎಂಬ ಪ್ರಕಟಣೆಯ ಮೊದಲ ಭಾಗವನ್ನಷ್ಟೇ ನೋಡಿದವರು ಸಸಿ ಇದೆಯೆಂದೇ ಹೊರಟು ಬರಬಹುದು. 'ಮಂಗಳ ಸಸಿ: ಮುಗಿದಿದೆ' ಎಂದು ಬರೆದರೆ ಆ ಅಪಾಯವಿರುವುದಿಲ್ಲ.

ಪುಟ ಸಿದ್ಧವಾದ ಮೇಲೆ ಕಣ್ಣನ್ನು ಕಿರಿದಾಗಿಸಿ, ಅಕ್ಷರಗಳು ಮಸುಕಾಗುವಂತೆ ನೋಡಿ; ಆಗಲೂ ಬೆಲೆಪಟ್ಟಿ ಮತ್ತು ಫೋನ್ ಗುಂಡಿ ಎದ್ದು ಕಾಣಬೇಕು. ಬಳಿಕ ಪುಟವನ್ನು ಎಂದೂ ನೋಡಿರದ ಹಿರಿಯರೊಬ್ಬರ ಕೈಗೆ ಫೋನ್ ಕೊಟ್ಟು, 'ಮೆಣಸಿನ ಸಸಿಗೆ ಎಷ್ಟು ನೋಡಿ ಹೇಳ್ತೀರಾ?' ಎಂದು ಕೇಳಿ, ಬೆರಳು ಎಲ್ಲಿ ತಡವರಿಸುತ್ತದೆ ಎಂಬುದನ್ನು ಗಮನಿಸಿ. ಅವರಿಗೆ ನೆರವಾಗಲು ಬಾಯಿ ತೆರೆಯಬೇಡಿ.

ಕೊನೆಯದಾಗಿ, ಕಣ್ಣಿಗೆ ಕಾಣುವ ಶ್ರೇಣಿ, ಪುಟದ ರಚನೆಯನ್ನು ಬ್ರೌಸರಿಗೆ ತಿಳಿಸುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿಯೂ ಇರಬೇಕು. ಶೀರ್ಷಿಕೆಯನ್ನು ಬರಿದೆ ದಪ್ಪ ಮಾಡದೆ ಎಚ್1, ತಳಿಗಳ ಉಪಶೀರ್ಷಿಕೆಗಳನ್ನು ಎಚ್2 ಎಂದು ಗುರುತಿಸಿ, ಪುಟದ ಭಾಷೆ ಕನ್ನಡವೆಂದು ನಮೂದಿಸಿ. ದೃಷ್ಟಿಹೀನರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಆಗ ಕನ್ನಡದ ಧ್ವನಿಯನ್ನು ಆರಿಸಿಕೊಂಡು, ಅವರನ್ನು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ನೇರವಾಗಿ ಕರೆದೊಯ್ಯುತ್ತದೆ. ಅವರೂ ಬೆಲೆಪಟ್ಟಿಯನ್ನು ಒಂದೆರಡು ಕೀಲಿ ಒತ್ತುವಷ್ಟರಲ್ಲಿ ತಲುಪುತ್ತಾರೆ.