ಏರುಪೇರಿನ ಮೊದಲ ಮೂರು ದಿನಕ್ಕೆ ಒಂದು ಹಾಳೆ: ಬರೆಯುವುದು ಹೇಗೆ?

ಖಿನ್ನತೆಗೆ ಅಥವಾ ಬೈಪೋಲಾರ್ ಕಾಯಿಲೆಗೆ (ಮನಸ್ಸು ಕೆಲವೊಮ್ಮೆ ಅತಿಯಾಗಿ ಏರಿ, ಕೆಲವೊಮ್ಮೆ ಕುಸಿಯುವ ಕಾಯಿಲೆ) ಚಿಕಿತ್ಸೆಯಲ್ಲಿರುವವರು ಬರೆದಿಟ್ಟುಕೊಂಡ 'ಸ್ವಾಸ್ಥ್ಯ ಯೋಜನೆ'ಗಳನ್ನು ನೋಡಿದರೆ ಹೆಚ್ಚಿನವು ಒಂದೇ ತರ: ಬೆಳಗ್ಗೆ 5ಕ್ಕೆ ಏಳುವುದು, ಯೋಗ, ಧ್ಯಾನ, ಒಳ್ಳೆಯ ಯೋಚನೆ. ಓದಲು ಚಂದ. ಆದರೆ ಕಾಯಿಲೆ ಮರುಕಳಿಸತೊಡಗಿದಾಗ ಯಾರು ಏನು ಮಾಡಬೇಕು ಎಂಬುದು ಅದರಲ್ಲಿ ಎಲ್ಲೂ ಇರುವುದಿಲ್ಲ. ಯೋಜನೆ ಬೇಕಾಗುವುದು ಆ ಮೊದಲ ಮೂರು ದಿನಕ್ಕೆ.

ಮನಸ್ಸು ಒಂದು ತಿಂಗಳಾದರೂ ಸ್ಥಿರವಾಗಿರುವಾಗ, ಮನೆಯ ಒಬ್ಬರನ್ನು ಜತೆಗೆ ಕೂರಿಸಿಕೊಂಡು ಬರೆಯಿರಿ. ಒಂದೇ ಹಾಳೆ, ಎರಡು ಬದಿ. ಅಂತರ್ಜಾಲದಿಂದ ಇಳಿಸಿಕೊಳ್ಳುವ ಹತ್ತಾರು ಪುಟದ ರೆಡಿಮೇಡ್ ಪ್ಲ್ಯಾನರ್ ಬೇಡವೇ ಬೇಡ. ಅದು ಮೂರನೇ ಪುಟಕ್ಕೇ ನಿಲ್ಲುತ್ತದೆ.

ಮೊದಲು: ಸರಿ ಇರುವಾಗ ಹೇಗಿರುತ್ತೀರಿ?

ಐದು ಸಾಲು ಸಾಕು. ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟು ಮಾತಾಡುತ್ತೀರಿ, ದಿನಕ್ಕೆ ಎಷ್ಟು ಕೆಲಸ ಸಾಗುತ್ತದೆ, ತಿಂಗಳಿಗೆ ಎಷ್ಟು ಖರ್ಚು. ಸ್ವಭಾವತಃ ಮಾತುಗಾರರಾದವರ ಮಾತನ್ನೇ ಲಕ್ಷಣ ಎಂದುಕೊಳ್ಳಬಾರದಲ್ಲ, ಅದಕ್ಕೆ.

ದಿನಚರಿ

ಮಾತ್ರೆಯ ಹೊತ್ತು, ಊಟದ ಹೊತ್ತು, ಅರ್ಧ ಗಂಟೆ ನಡಿಗೆ. ಮಳೆಗಾಲದಲ್ಲಿ ನಡಿಗೆ ತಪ್ಪಿಯೇ ತಪ್ಪುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿಯಲ್ಲೋ ಮಹಡಿ ಮೆಟ್ಟಿಲಲ್ಲೋ ಎಂದು ಈಗಲೇ ಬರೆದಿಡಿ.

ನಿದ್ದೆಯ ಸಾಲನ್ನು ಮಾತ್ರ ಕೆಂಪು ಶಾಯಿಯಲ್ಲಿ ಬರೆಯಿರಿ. ಬೈಪೋಲಾರ್ ಇರುವವರಿಗೆ ಒಂದು ಇಡೀ ರಾತ್ರಿಯ ನಿದ್ದೆಗೇಡೇ ಉನ್ಮಾದಕ್ಕೆ, ಅಂದರೆ ಮನಸ್ಸು ಅತಿಯಾಗಿ ಏರುವುದಕ್ಕೆ, ದಾರಿಯಾಗಬಹುದು. ನಮ್ಮ ಕರಾವಳಿಯಲ್ಲಿ ನವೆಂಬರಿನಿಂದ ಪತ್ತನಾಜೆವರೆಗೆ (ಮೇ ಕೊನೆ) ಬೆಳ್ಳಂಬೆಳಗಿನ ತನಕದ ಯಕ್ಷಗಾನ ಆಟ, ದೈವಗಳ ನೇಮ, ಕೋಲ. ಹಗಲು ಮಲಗಿ ಸರಿದೂಗಿಸುತ್ತೇನೆ ಎಂಬುದು ನಡೆಯದ ಮಾತು, ಕೆಡುವುದು ರಾತ್ರಿ-ಹಗಲಿನ ಲಯವೇ. ಬೇಗ ಮುಗಿಯುವ ಕಾಲಮಿತಿಯ ಆಟಕ್ಕೆ ಹೋಗಿ. ತರವಾಡು ಮನೆಯ (ಕುಟುಂಬದ ಮೂಲಮನೆಯ) ನೇಮ ತಪ್ಪಿಸುವ ಹಾಗಿಲ್ಲವೆಂದಾದರೆ ಹಿಂದಿನ ವಾರವೇ ವೈದ್ಯರಲ್ಲಿ ಕೇಳಿ, ಗಂಧಪ್ರಸಾದ ತೆಗೆದುಕೊಂಡು ಬಂದು ಮಲಗಿ.

ದಾಖಲೆಗೆ ಸೊಸೈಟಿಯವರು ಕೊಡುವ ಗೋಡೆ ಕ್ಯಾಲೆಂಡರ್ ಸಾಕು. ದಿನದ ಚೌಕದಲ್ಲಿ ಎರಡೇ ಅಂಕಿ: ನಿದ್ದೆಯ ಗಂಟೆ, ಮತ್ತು ಮೈನಸ್ 3ರಿಂದ ಪ್ಲಸ್ 3ರೊಳಗೆ ಮನಸ್ಸಿನ ಮಟ್ಟ (ಕುಸಿದರೆ ಮೈನಸ್, ಏರಿದರೆ ಪ್ಲಸ್). ಮೊಬೈಲ್ ಆ್ಯಪ್‌ಗಳು ನೋಡಲು ಚೆನ್ನ, ಆದರೆ ಅಡುಗೆಕೋಣೆಯಲ್ಲಿರುವ ಅಮ್ಮನಿಗೆ ಕಾಣುವುದಿಲ್ಲ.

ಮುನ್ಸೂಚನೆ: ಎಲ್ಲರೂ ಎಡವುವ ಜಾಗ

'ಬೇಜಾರಾಗುತ್ತದೆ', 'ಸಿಟ್ಟು ಬರುತ್ತದೆ' ಎಂದು ಬರೆದರೆ ಪ್ರಯೋಜನವಿಲ್ಲ. ಬೇಜಾರು ಯಾರಿಗಿಲ್ಲ? ಬೇರೆಯವರ ಕಣ್ಣಿಗೆ ಬೀಳುವ ಕೆಲಸವನ್ನು, ಆದಷ್ಟು ಸಂಖ್ಯೆ ಸಮೇತ ಬರೆಯಬೇಕು. ದಿನಕ್ಕೆ 600 ಬೀಡಿ ಕಟ್ಟುವ ಹೆಂಗಸಿಗೆ ಬೀಡಿ ಒಪ್ಪಿಸುವ ಬ್ರಾಂಚಿನ ಪಾಸ್‌ಬುಕ್ಕೇ ಮನಸ್ಸಿನ ಗ್ರಾಫ್. ಹಬ್ಬವಿಲ್ಲ, ಜ್ವರವಿಲ್ಲ, ಆದರೂ ನಾಲ್ಕು ದಿನ 300 ದಾಟಲಿಲ್ಲ ಎಂದರೆ ಅದು ಲಕ್ಷಣ. ಶಂಕರಪುರದ ಕಡೆಯ ಮಲ್ಲಿಗೆ ಬೆಳೆಗಾರರಾದರೆ 'ಎರಡು ಬೆಳಗು ಮೊಗ್ಗು ಕೊಯ್ಯಲಿಲ್ಲ, ಗಿಡದಲ್ಲೇ ಅರಳಿತು'. ಮನೆಯಲ್ಲೇ ಇರುವವರಿಗೆ 'ಮೀನಿನ ಗಾಡಿಯ ಹಾರ್ನ್ ಕೇಳಿದರೂ ಏಳಲಿಲ್ಲ', 'ಮೂರು ದಿನ ಸ್ನಾನ ಇಲ್ಲ'.

ಇವು ಮನಸ್ಸು ಕುಸಿಯುವ ಲಕ್ಷಣ; ಏರುವ ಲಕ್ಷಣ ಬರೆಯುವುದು ಇನ್ನೂ ಕಷ್ಟ. ಆಗ ರೋಗಿಗೆ ತಾನು ಎಂದಿಗಿಂತ ಚೆನ್ನಾಗಿದ್ದೇನೆ ಅನ್ನಿಸುತ್ತದೆ. ಮನೆಯವರೂ 'ಅಂತೂ ಲವಲವಿಕೆ ಬಂತು' ಎಂದು ಸಮಾಧಾನಪಡುತ್ತಾರೆ. ಹಾಗಾಗಿ ಈ ಕಾಲಮನ್ನು ಮನೆಯವರೇ ಬರೆಯಲಿ, ನೀವು ಓದಿ ಸಹಿ ಹಾಕಿ. 'ಮೂರು ಗಂಟೆ ಮಲಗಿದರೂ ದಣಿವಿಲ್ಲ', 'ನಡುರಾತ್ರಿ 2ಕ್ಕೆ ಕುಟುಂಬದ ಗ್ರೂಪಿಗೆ ವಾಯ್ಸ್ ಮೆಸೇಜು', 'ದುಬೈಯ ಭಾವನಿಗೆ ಹೋಟೆಲ್ ಪಾಲುದಾರಿಕೆಯ ಫೋನು', 'ಬಂಗಾರ ಅಡವಿಟ್ಟದ್ದು'.

ನೆನಪಾಗುವುದಿಲ್ಲವೆ? ಕಳೆದ ಸಲ ಆಸ್ಪತ್ರೆಗೆ ಹೋದ ದಿನದಿಂದ ಒಂದೊಂದೇ ವಾರ ಹಿಂದಕ್ಕೆ ಬನ್ನಿ. ಆ ತಿಂಗಳ ಬ್ಯಾಂಕ್ ಪಾಸ್‌ಬುಕ್, ವಾಟ್ಸ್ಆ್ಯಪ್ ಮೆಸೇಜುಗಳ ಹೊತ್ತು ನೋಡಿ. ಮೊದಲು ತಪ್ಪಿದ್ದು ಯಾವುದು ಎಂದು ಸಿಕ್ಕೇ ಸಿಗುತ್ತದೆ, ಹೆಚ್ಚಾಗಿ ನಿದ್ದೆಯೇ.

ಕುಸಿಯುವುದಕ್ಕೆ ಮೂರು, ಏರುವುದಕ್ಕೆ ಮೂರೇ ಲಕ್ಷಣ. ಹನ್ನೆರಡು ಬರೆದರೆ ಮನೆಯವರು ಸಿಐಡಿಗಳಾಗುತ್ತಾರೆ. ಜೋರಾಗಿ ನಕ್ಕರೂ 'ಮಾತ್ರೆ ತಗೊಂಡಿಯಾ?' ಎಂಬ ಪ್ರಶ್ನೆ. ಆಮೇಲೆ ರೋಗಿ ಹಾಳೆಯನ್ನೇ ಹರಿದು ಬಿಸಾಡುತ್ತಾರೆ.

ಲಕ್ಷಣದ ಎದುರು ಹೆಸರು, ಕೆಲಸ

'ಯಾರಾದರೂ ವೈದ್ಯರಿಗೆ ತಿಳಿಸುವುದು' ಎಂದು ಬರೆದರೆ ಯಾರೂ ತಿಳಿಸುವುದಿಲ್ಲ. 'ಸತತ ಎರಡು ರಾತ್ರಿ 5 ಗಂಟೆಗಿಂತ ಕಡಿಮೆ ನಿದ್ದೆ, ದಣಿವಿಲ್ಲ: ಅಕ್ಕ ಮರುದಿನವೇ ವೈದ್ಯರಿಗೆ ಫೋನ್ ಮಾಡುವುದು, ಎಟಿಎಂ ಕಾರ್ಡ್ ಅವಳ ಕೈಗೆ, ಯುಪಿಐ ಮಿತಿ ಇಳಿಸುವುದು'. ಹೀಗೆ. ಉನ್ಮಾದ ಎನ್ನಲು ಒಂದು ವಾರ, ಖಿನ್ನತೆ ಎನ್ನಲು ಎರಡು ವಾರ ಎಂಬ ಲೆಕ್ಕ ರೋಗನಿರ್ಣಯಕ್ಕೆ ಇರುವುದು. ಕಾಯಿಲೆ ಗೊತ್ತಿರುವವರು ಅಷ್ಟು ಕಾಯಬಾರದು. ಅಕ್ಕ ಯಾವ ಮಾತು ಹೇಳಿ ಶುರು ಮಾಡಬೇಕು ಎಂಬುದನ್ನೂ ಬರೆದಿಡಿ. 'ನಿಂಗೆ ಪುನಃ ಶುರುವಾಯ್ತು' ಎಂದರೆ ಜಗಳ ಖಚಿತ. 'ಹಾಳೆ ಒಮ್ಮೆ ನೋಡುವನಾ?' ಎಂದರೆ ಹೆಚ್ಚಿನವರು ಕೂರುತ್ತಾರೆ.

ಮಾತ್ರೆ

ಹೆಸರು, ಮಿಲಿಗ್ರಾಂ, ಹೊತ್ತು: ಚೀಟಿ ನೋಡಿಯೇ ಬರೆಯಿರಿ, ನೆನಪಿನಿಂದ ಬೇಡ. ಖಿನ್ನತೆಯ ಮಾತ್ರೆ ಪರಿಣಾಮ ತೋರಿಸಲು 2ರಿಂದ 4 ವಾರ ಹಿಡಿಯುತ್ತದೆ. ಗುಣವಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಬೇಕು. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವುದು, ಹರಕೆ ಹೇಳುವುದು ನಿಮ್ಮ ನಂಬಿಕೆ, ಮಾಡಿ, ಮಾತ್ರೆ ನಿಲ್ಲಿಸಬೇಡಿ. 'ನರಗಳ ಟಾನಿಕ್ಕಿ'ಗೆ ಕೊಡುವ ದುಡ್ಡು ದಂಡ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಏಪ್ರಿಲ್-ಮೇ ಸೆಖೆಯೇ ಒಂದು ಅಪಾಯ. ಬೆವರಿ ಮೈಯ ನೀರು, ಉಪ್ಪು ಇಳಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ-ಭೇದಿ, ನಿರ್ಜಲ ಉಪವಾಸ, ಏಕಾಏಕಿ ಉಪ್ಪು ಬಿಡುವುದು, ಇವೂ ಹಾಗೆಯೇ. ಮೈಕೈ ನೋವಿಗೆಂದು ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಳ್ಳಬೇಡಿ, ಅವೂ ಏರಿಸುತ್ತವೆ. ಕೈ ಜೋರಾಗಿ ನಡುಗಿದರೆ, ನಾಲಗೆ ತೊದಲಿದರೆ, ನಡಿಗೆ ತೂರಾಡಿದರೆ ಮುಂದಿನ ಡೋಸ್ ತೆಗೆದುಕೊಳ್ಳದೆ ಕೂಡಲೇ ಆಸ್ಪತ್ರೆಗೆ. ಲಿಥಿಯಂ ಮಟ್ಟದ ರಕ್ತಪರೀಕ್ಷೆ ಕೊನೆಯ ಡೋಸ್ ಆಗಿ 12 ಗಂಟೆಗೆ ಮಾಡಿಸಬೇಕು: ರಾತ್ರಿ 9ಕ್ಕೆ ಮಾತ್ರೆ, ಬೆಳಗ್ಗೆ 9ಕ್ಕೆ ರಕ್ತ. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಮಟ್ಟ ಸುಳ್ಳೇ ಹೆಚ್ಚು ತೋರಿಸುತ್ತದೆ.

ಹಿಂಬದಿ: ತುರ್ತು

ವೈದ್ಯರ ನಂಬರು, ಒಗ್ಗದ ಔಷಧ, ಹೋಗಬೇಕಾದ ಆಸ್ಪತ್ರೆ (ಸರ್ಕಾರಿಯಾದರೆ ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ), ಆ್ಯಂಬುಲೆನ್ಸ್ 108. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ 'ಸುಮ್ಮನೆ ಹೇಳುವುದು' ಎಂದು ಬಿಡಬೇಡಿ: ಒಬ್ಬರನ್ನೇ ಬಿಡಬಾರದು, ಮಾತ್ರೆಯ ಸ್ಟ್ರಿಪ್, ತೋಟದ ವಿಷದ ಡಬ್ಬಿ ಬೇರೆಯವರ ಬೀಗದೊಳಗೆ ಹೋಗಬೇಕು. ಕಾರ್ಡ್, ಮಕ್ಕಳು, ದನ ಯಾರ ಜವಾಬ್ದಾರಿ ಎಂದೂ ಇರಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಕಲಮಿನಡಿ ನಿಮ್ಮ ಪರವಾಗಿ ನಿಲ್ಲಲು ಒಬ್ಬರನ್ನು ನೇಮಿಸಬಹುದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರಾಯಿತು. ಸಂಬಂಧಿಕರೇ ಆಗಬೇಕೆಂದಿಲ್ಲ, ಫೋನ್ ಎತ್ತುವವರಾಗಿರಲಿ.

ಹಾಳೆಯ ಮೇಲ್ತುದಿಯಲ್ಲಿ ತಾರೀಕು ಹಾಕಿ. ಒಂದು ಪ್ರತಿ ಕಪಾಟಿನ ಬಾಗಿಲ ಒಳಬದಿಗೆ, ಒಂದು ಅಕ್ಕನ ಬಳಿ, ಒಂದು ಆಸ್ಪತ್ರೆಯ ಫೈಲಿನಲ್ಲಿ. ಡೋಸ್ ಬದಲಾದ ದಿನ ಮೂರನ್ನೂ ತೆಗೆದು ಹೊಸತು ಇಡಿ; ಇಲ್ಲವಾದರೆ ಕ್ಯಾಶುವಾಲಿಟಿಯಲ್ಲಿ ಯಾರೋ ಹಳೆಯ ಹಾಳೆ ತೋರಿಸಿ ಹಳೆಯ ಡೋಸನ್ನೇ ಬರೆಸುತ್ತಾರೆ.